ಹಿರೋಷಿಮಾ ತೊಟ್ಟ ಕೆಂಪು ಟೋಪಿ

ಸತತ ಮೂರು ವರ್ಷ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನ. ನಾಲ್ಕನೆಯ ವರ್ಷ ಚಾಂಪಿಯನ್. ಜಪಾನಿನ ಹಿರೋಷಿಮಾ ಟೊಯೊ ಕಾರ್ಪ್ ಎಂಬ ಬೇಸ್‌ಬಾಲ್ ತಂಡವನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸಿದ್ದು ದೊಡ್ಡ ದುಡ್ಡಲ್ಲ, ಆ ಊರಿನ ಹಟ.

1974ರ ಋತು ಮುಗಿದಾಗ ಜಪಾನಿನ ಸೆಂಟ್ರಲ್ ಲೀಗ್‌ನ ಅಂಕಪಟ್ಟಿಯ ತಳದಲ್ಲಿ ಹಿರೋಷಿಮಾ ಟೊಯೊ ಕಾರ್ಪ್ ಹೆಸರಿತ್ತು. ಆರು ತಂಡಗಳ ಲೀಗ್, ತಲಾ 130 ಪಂದ್ಯ. ಕಾರ್ಪ್ ಗೆದ್ದದ್ದು 54, ಸೋತದ್ದು 72, ಉಳಿದ ನಾಲ್ಕು ಸಮ. ಅದರ ಹಿಂದಿನ ವರ್ಷವೂ ಕೊನೆಯ ಸ್ಥಾನವೇ, ಅದಕ್ಕೂ ಹಿಂದಿನ ವರ್ಷವೂ ಅದೇ. ತಂಡ ಹುಟ್ಟಿ ಕಾಲು ಶತಮಾನವಾಗಿದ್ದರೂ ಮೊದಲ ಮೂರರೊಳಗೆ ಬಂದಿದ್ದು 1968ರಲ್ಲಿ ಮಾತ್ರ, ಅದೂ ಮೂರನೆಯದಾಗಿ. ಆದರೆ ಮರುವರ್ಷ ಅಕ್ಟೋಬರ್‌ನಲ್ಲಿ ಇದೇ ತಂಡ ಲೀಗ್ ಗೆದ್ದಿತು. ನಡುವಿನ ಆ ಚಳಿಗಾಲದಲ್ಲಿ ನಡೆದ ಕೆಲಸ, ಸೋತ ತಂಡವೊಂದನ್ನು ಹೊಸ ಋತುವಿಗೆ ಹೇಗೆ ಸಜ್ಜುಗೊಳಿಸಬೇಕು ಎಂಬುದಕ್ಕೆ ಇಂದಿಗೂ ಒಳ್ಳೆಯ ಪಾಠ.

ಪೀಪಾಯಿ ಇಟ್ಟು ಉಳಿಸಿಕೊಂಡ ತಂಡ

ಕಾರ್ಪ್ ತಂಡದ ಕಥೆ ಹಿರೋಷಿಮಾದ ಬೂದಿಯಿಂದಲೇ ಶುರುವಾಗುತ್ತದೆ. 1945ರ ಆಗಸ್ಟ್ 6ರಂದು ಬಿದ್ದ ಅಣುಬಾಂಬಿಗೆ ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 1,40,000 ಜನ ಬಲಿಯಾದರು ಎಂದು ನಗರಾಡಳಿತ ಅಂದಾಜಿಸಿದೆ. ಇನ್ನೂ ಐದು ವರ್ಷ ತುಂಬಿರಲಿಲ್ಲ. 1950ರ ಆರಂಭದಲ್ಲಿ ಆ ಊರು ತನ್ನದೇ ವೃತ್ತಿಪರ ಬೇಸ್‌ಬಾಲ್ ತಂಡ ಕಟ್ಟಿತು. ಜಪಾನಿನ ಮಿಕ್ಕ ಹೆಚ್ಚಿನ ತಂಡಗಳ ಬೆನ್ನಿಗೆ ಪತ್ರಿಕಾ ಸಂಸ್ಥೆಗಳೋ ರೈಲ್ವೆ ಕಂಪನಿಗಳೋ ಇದ್ದವು. ಹಿರೋಷಿಮಾಕ್ಕೆ ಅಂಥ ಧಣಿ ಇರಲಿಲ್ಲ. ಬಂಡವಾಳವನ್ನು ಆ ಪ್ರಾಂತ್ಯ, ಅಲ್ಲಿನ ನಗರಸಭೆಗಳು, ಜನ ಎಲ್ಲ ಸೇರಿಸಬೇಕಿತ್ತು. ಓಟಾ ನದಿಯಲ್ಲಿ ಹೇರಳವಾಗಿದ್ದ ಗೆಂಡೆ (ಕಾರ್ಪ್) ಮೀನಿನ ಹೆಸರನ್ನೇ ತಂಡಕ್ಕಿಟ್ಟರು. ಊರಿನ ಕೋಟೆಗೂ ಗೆಂಡೆಯ ಕೋಟೆ ಎಂಬ ಹೆಸರಿತ್ತು. ಹರಿವಿಗೆದುರಾಗಿ ಈಜಿ ಜಲಪಾತ ಏರುವ ಮೀನೆಂದು ಜಪಾನೀಯರು ಗೆಂಡೆಯನ್ನು ಗೌರವಿಸುತ್ತಾರೆ.

ಮೊದಲ ವರ್ಷದ ಫಲಿತಾಂಶ 41 ಗೆಲುವು, 96 ಸೋಲು. ಎಂಟು ತಂಡಗಳಲ್ಲಿ ಎಂಟನೆಯ ಸ್ಥಾನ. ಆಟಗಾರರಿಗೆ ಸಂಬಳ ಕೊಡುವುದಕ್ಕೂ ದುಡ್ಡಿರಲಿಲ್ಲ. 1951ರ ಮಾರ್ಚ್‌ನಲ್ಲಿ ತಂಡವನ್ನು ತೈಯೊ ವೇಲ್ಸ್ ಜೊತೆ ವಿಲೀನ ಮಾಡುವುದು ಬಹುತೇಕ ಖಚಿತವಾಗಿತ್ತು. ಅದನ್ನು ತಡೆದವರು ಮೊದಲ ಮ್ಯಾನೇಜರ್ ಷುಯಿಚಿ ಇಷಿಮೊಟೊ. ಹಿರೋಷಿಮಾದವರೇ ಆದ ಅವರು ಜನರ ಮುಂದೆ ಹೋಗಿ ನಿಂತರು. ಊರೂರಿನಲ್ಲಿ, ಕಾರ್ಖಾನೆಗಳಲ್ಲಿ ಬೆಂಬಲಿಗರ ಸಂಘಗಳನ್ನು ಕಟ್ಟಿದರು. ಮೈದಾನದ ಬಾಗಿಲಲ್ಲಿ ಸಾಕೆ ಎಂಬ ಮದ್ಯ ತುಂಬುವ ಮರದ ಪೀಪಾಯಿ ಕಾಣಿಸಿಕೊಂಡಿತು. ನಮ್ಮ ದೇವಸ್ಥಾನದ ಹುಂಡಿಗೆ ಹಾಕುವಂತೆ ಜನ ಅದರೊಳಗೆ ನಾಣ್ಯ, ನೋಟು ಹಾಕಿದರು. ತಮ್ಮ ಮನೆಯನ್ನೇ ಇನ್ನೂ ಕಟ್ಟಿಕೊಳ್ಳಬೇಕಿದ್ದ ಜನ ಅವರು.

ಪೀಪಾಯಿಯ ದುಡ್ಡಿನಿಂದಲೇ ತಂಡದ ಸಾಲ ತೀರಿತು ಎಂದೇನಲ್ಲ. ತಂಡ ಯಾರದು ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ತೀರಿತು. 1957ರಲ್ಲಿ ಸ್ಥಳೀಯ ಉದ್ಯಮಗಳ ದೇಣಿಗೆಯಿಂದ, ಅಣುಬಾಂಬ್ ಗುಮ್ಮಟದ ಎದುರಿಗೇ, ರಾತ್ರಿ ಪಂದ್ಯಕ್ಕೆ ದೀಪಗಳಿರುವ ನಗರ ಕ್ರೀಡಾಂಗಣ ಎದ್ದಿತು. ಮುಂದೆ ಮಜ್ದಾ ಎಂದು ಹೆಸರಾದ ಟೊಯೊ ಕೊಗ್ಯೊ ಕಾರು ಕಂಪನಿ 1968ರಲ್ಲಿ ತಂಡದ ದೊಡ್ಡ ಪಾಲುದಾರನಾಯಿತು. ತಂಡದ ಹೆಸರಿನೊಳಗಿನ ‘ಟೊಯೊ’ ಬಂದಿದ್ದು ಹಾಗೆ. ಆಸರೆ ಸಿಕ್ಕಿತು, ಗೆಲುವು ಸಿಗಲಿಲ್ಲ.

ಒಂದು ಚಳಿಗಾಲದ ಕೆಲಸ

ಎಪ್ಪತ್ತರ ದಶಕದ ಆರಂಭದಲ್ಲಿ ಜಪಾನಿನ ಬೇಸ್‌ಬಾಲ್ ಎಂದರೆ ಟೋಕಿಯೊದ ಯೊಮಿಯುರಿ ಜೈಂಟ್ಸ್ ಎಂದೇ ಅರ್ಥ. 1965ರಿಂದ 1973ರವರೆಗೆ ಸತತ ಒಂಬತ್ತು ವರ್ಷ ರಾಷ್ಟ್ರೀಯ ಪ್ರಶಸ್ತಿ ಅವರದೇ. ಅಂಥ ಕಾಲದಲ್ಲಿ ಕಾರ್ಪ್ ಆಡಳಿತ ಹೊಸ ಮ್ಯಾನೇಜರ್ ಆಗಿ ಅಮೆರಿಕದ ಜೋ ಲೂಟ್ಸ್ ಅವರನ್ನು ಆರಿಸಿತು. ಅವರು ಕ್ಲೀವ್‌ಲೆಂಡ್ ತಂಡದ ಕೋಚ್ ಆಗಿದ್ದವರು. 1974ರಲ್ಲಿ ಕಾರ್ಪ್‌ನಲ್ಲೇ ಕೋಚ್ ಆಗಿದ್ದು ತಂಡವನ್ನು ಒಳಗಿನಿಂದ ಕಂಡಿದ್ದರು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಕ್ರಿಕೆಟ್‌ನ ಕೋಚ್ ಮತ್ತು ನಾಯಕ ಇಬ್ಬರ ಅಧಿಕಾರವೂ ಒಬ್ಬರ ಕೈಯಲ್ಲಿದ್ದಂತೆ. ಯಾರು ಆಡಬೇಕು, ಯಾವಾಗ ಚೆಂಡೆಸೆಯುವ ಪಿಚರ್ ಬದಲಾಗಬೇಕು, ಯಾರು ಓಡಬೇಕು ಎಲ್ಲವೂ ಅವರ ತೀರ್ಮಾನ.

ಲೂಟ್ಸ್ ಮಾಡಿದ ಮೊದಲ ಬದಲಾವಣೆ ಎಲ್ಲರ ಕಣ್ಣಿಗೂ ಬಿತ್ತು. ಅಲ್ಲಿಯವರೆಗೆ ಕಡುನೀಲಿಯಾಗಿದ್ದ ಟೋಪಿ ಮತ್ತು ಹೆಲ್ಮೆಟ್ ಕೆಂಪಾದವು. ಕೆಂಪು ಹೋರಾಡುವ ಮನಸ್ಸಿನ ಬಣ್ಣ ಎಂಬುದು ಅವರ ನಂಬಿಕೆ. ಅಂದಿನ ಜಪಾನಿನಲ್ಲಿ ಗಂಡಸರು ಅಷ್ಟು ಢಾಳಾದ ಕೆಂಪು ತೊಡುವುದು ರೂಢಿಯಲ್ಲಿರಲಿಲ್ಲ, ಕೆಲವು ಆಟಗಾರರಿಗೆ ಮುಜುಗರವೂ ಆಯಿತು. ಆದರೆ ಮೂರು ವರ್ಷ ಸೋತ ತಂಡಕ್ಕೆ ನಾವು ಹಳೆಯವರಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವ ಗುರುತೊಂದು ಬೇಕಿತ್ತು. ಆ ಕೆಂಪು ಇಂದು ಇಡೀ ಊರಿನ ಬಣ್ಣ.

ಅದಕ್ಕಿಂತ ಆಳದ ಬದಲಾವಣೆ ಆಟಗಾರರ ಜಾಗಗಳಲ್ಲಿ ಆಯಿತು. ಬೇಸ್‌ಬಾಲ್ ಮೈದಾನದ ಒಳಚೌಕದ ಮೂಲೆಗಳೇ ಬೇಸ್‌ಗಳು. ಬ್ಯಾಟ್ ಮಾಡಿದವನು ಅವನ್ನೆಲ್ಲ ಸುತ್ತಿ ಮನೆ ಸೇರಿದರೆ ಒಂದು ರನ್. ಫಸ್ಟ್ ಬೇಸ್ ಕಾಯುವವನ ಮುಖ್ಯ ಕೆಲಸ ಎಸೆದ ಚೆಂಡು ಹಿಡಿಯುವುದು. ಥರ್ಡ್ ಬೇಸ್ ಕಡೆಗೆ ಚೆಂಡು ರಭಸದಿಂದ ನುಗ್ಗಿ ಬರುತ್ತದೆ; ಅದನ್ನು ಹಿಡಿದು ಚೌಕದ ಆ ತುದಿಗೆ ಎಸೆಯಲು ಕಾಲೂ ಚುರುಕಿರಬೇಕು, ತೋಳೂ ಗಟ್ಟಿಯಿರಬೇಕು. ಫಸ್ಟ್ ಬೇಸ್‌ನಲ್ಲಿದ್ದ ಸಚಿಯೊ ಕಿನುಗಾಸಾ ಅವರನ್ನು ಲೂಟ್ಸ್ ಥರ್ಡ್ ಬೇಸ್‌ಗೆ ಕಳಿಸಿದರು. ತೆರವಾದ ಜಾಗಕ್ಕೆ ಅಮೆರಿಕದಿಂದ ಗೇಲ್ ಹಾಪ್ಕಿನ್ಸ್ ಬಂದರು. ಜೊತೆಗೆ ರಿಚಿ ಷೈನ್‌ಬ್ಲಮ್ ಬಂದರು. ನಿಪ್ಪಾನ್ ಹ್ಯಾಮ್ ತಂಡದಿಂದ ಬಂದ ತ್ಸುಯೊಷಿ ಓಷಿತಾ ಬ್ಯಾಟಿಂಗ್ ಸರದಿಯ ಮೊದಲಿಗರಾದರು. ಹಾಂಕ್ಯು ತಂಡದಿಂದ ಬಂದ ಯುಕಿನೊಬು ಮಿಯಮೊಟೊ ಪಂದ್ಯದ ಕೊನೆಯ ಘಟ್ಟದ ಪಿಚರ್ ಆದರು.

ಇವರಲ್ಲಿ ಯಾರೂ ದೇಶವೇ ಹೊತ್ತು ಮೆರೆಸಿದ ತಾರೆಯಲ್ಲ. ತಂಡದ ಬೆನ್ನೆಲುಬು ಮೊದಲೇ ಅಲ್ಲಿತ್ತು. ಹಿರೋಷಿಮಾದಲ್ಲೇ ಹುಟ್ಟಿದ ಕೋಜಿ ಯಮಮೊಟೊ, ಕ್ಯೋಟೊದಿಂದ ಹದಿಹರೆಯದಲ್ಲೇ ಬಂದ ಕಿನುಗಾಸಾ, ಪಿಚರ್ ಯೊಷಿರೊ ಸೊಟೊಕೊಬಾ ಅರವತ್ತರ ದಶಕದಿಂದಲೂ ಇಲ್ಲೇ ಪಳಗಿದವರು. ಎದುರಾಳಿಯ ಒಬ್ಬ ಬ್ಯಾಟರ್‌ಗೂ ಬೇಸ್ ತಲುಪಲು ಬಿಡದ ಪರಿಪೂರ್ಣ ಪಂದ್ಯವನ್ನು ಸೊಟೊಕೊಬಾ 1968ರಲ್ಲೇ ಆಡಿದ್ದರು. ಸೋಲಿನ ವರ್ಷಗಳಲ್ಲಿ ಬೆಳೆಸಿದ ಆಟಗಾರರನ್ನು ಆಡಳಿತ ಉಳಿಸಿಕೊಂಡಿತ್ತು. ಹೊಸಬರನ್ನು ಅವರ ಸುತ್ತ ಜೋಡಿಸಿತು. ತಂಡ ಕಟ್ಟುವ ಕಲೆಯ ತಿರುಳು ಇಲ್ಲಿದೆ. ಹೊರಗಿನಿಂದ ತರುವುದು ಏನು ಎಂದು ತಿಳಿಯಬೇಕಾದರೆ ಒಳಗೆ ಇರುವುದು ಏನು ಎಂದು ಮೊದಲು ಗೊತ್ತಿರಬೇಕು.

ಕಟ್ಟಿದವರು ಹೋದರು, ಕಟ್ಟಿದ್ದು ನಿಂತಿತು

ಋತು ಆರಂಭವಾಗಿ ತಿಂಗಳು ತುಂಬುವ ಮೊದಲೇ ಆಘಾತ. ಏಪ್ರಿಲ್ 27ರಂದು ಹಾಂಷಿನ್ ತಂಡದ ಎದುರಿನ ಪಂದ್ಯದಲ್ಲಿ ಅಂಪೈರ್ ತೀರ್ಪನ್ನು ಲೂಟ್ಸ್ ಬಲವಾಗಿ ಪ್ರತಿಭಟಿಸಿದರು, ಮೈದಾನ ಬಿಡಲು ಒಪ್ಪಲಿಲ್ಲ. ತಂಡದ ಆಡಳಿತದ ಪ್ರತಿನಿಧಿ ಮೈದಾನಕ್ಕೇ ಬಂದು ಮಧ್ಯಪ್ರವೇಶಿಸಿದರು. ಮೈದಾನದೊಳಗಿನ ಅಧಿಕಾರ ಮ್ಯಾನೇಜರ್‌ಗೆ ಮಾತ್ರ ಸೇರಿದ್ದು ಎಂದು ನಂಬಿದ್ದ ಲೂಟ್ಸ್ ಹುದ್ದೆಯನ್ನೇ ತ್ಯಜಿಸಿದರು. ಅಷ್ಟರಲ್ಲಿ ಮುಗಿದಿದ್ದು ಹದಿನೈದೇ ಪಂದ್ಯ.

ಹಳೆಯ ಕಾರ್ಪ್ ಆಗಿದ್ದರೆ ಅಲ್ಲಿಗೆ ಕುಸಿಯುತ್ತಿತ್ತೇನೋ. ಮೇ ತಿಂಗಳ ಆರಂಭದಲ್ಲಿ ಹೊಣೆ ಹೊತ್ತವರು ಕೋಚ್ ಟಾಕೆಷಿ ಕೋಬಾ. ಆಗವರಿಗೆ 39 ವರ್ಷ. ಇದೇ ತಂಡಕ್ಕೆ ವರ್ಷಗಟ್ಟಲೆ ಆಡಿದ್ದವರು. ಲೂಟ್ಸ್ ಹಾಕಿಕೊಟ್ಟ ದಾರಿಯನ್ನು ಅವರು ಅಳಿಸಲಿಲ್ಲ. ಕೆಂಪು ಟೋಪಿ ಉಳಿಯಿತು, ಕಿನುಗಾಸಾ ಥರ್ಡ್ ಬೇಸ್‌ನಲ್ಲೇ ಉಳಿದರು, ಬೇಸ್‌ನಿಂದ ಬೇಸ್‌ಗೆ ಕಣ್ತಪ್ಪಿಸಿ ಓಡುವ ದಿಟ್ಟ ಆಟ ಉಳಿಯಿತು. ಓಷಿತಾ ಆ ವರ್ಷ 44 ಬೇಸ್ ಕದ್ದು ಲೀಗ್‌ಗೇ ಮೊದಲಿಗರಾದರು. ಹೊಸದಾಗಿ ಬಂದವರು ಹಿಂದಿನವರ ಒಳ್ಳೆಯದನ್ನು ಕಾಪಾಡುವುದೂ ತಂಡ ಕಟ್ಟುವ ಕೆಲಸವೇ. ಈ ವಿವೇಕಕ್ಕಾಗಿ ಕೋಬಾ ಅವರನ್ನು ವಿಶೇಷವಾಗಿ ನೆನೆಯಬೇಕು.

ಜುಲೈನಲ್ಲಿ ಕೋಷಿಯೆನ್ ಮೈದಾನದಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯದಲ್ಲಿ ಯಮಮೊಟೊ, ಕಿನುಗಾಸಾ ಇಬ್ಬರೂ ಚೆಂಡನ್ನು ಮೈದಾನದಾಚೆ ಅಟ್ಟುವ ಹೋಮ್ ರನ್ ತಲಾ ಎರಡು ಬಾರಿಸಿದರು. ಕೆಂಪು ಹೆಲ್ಮೆಟ್ಟಿನ ಸುಂಟರಗಾಳಿ ಎಂದು ದೇಶ ಕೊಂಡಾಡಿತು. ಯಮಮೊಟೊ .319 ಸರಾಸರಿಯೊಂದಿಗೆ ಬ್ಯಾಟಿಂಗ್ ಕಿರೀಟವನ್ನೂ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಪಡೆದರು. ಸೊಟೊಕೊಬಾ 20 ಪಂದ್ಯ ಗೆದ್ದು ಪಿಚರ್‌ಗಳ ಪರಮ ಗೌರವವಾದ ಸಾವಾಮುರಾ ಪ್ರಶಸ್ತಿ ಗಳಿಸಿದರು. ಅಕ್ಟೋಬರ್ 15ರಂದು ಟೋಕಿಯೊದ ಕೊರಾಕುಯೆನ್ ಮೈದಾನದಲ್ಲಿ, ಜೈಂಟ್ಸ್ ಎದುರೇ, ಒಂಬತ್ತನೆಯ ಇನಿಂಗ್ಸ್‌ನಲ್ಲಿ ಹಾಪ್ಕಿನ್ಸ್ ಹೊಡೆದ ಮೂರು ರನ್ನಿನ ಹೋಮ್ ರನ್ ಗೆಲುವನ್ನು ಖಚಿತಪಡಿಸಿತು. 72 ಗೆಲುವು, 47 ಸೋಲು, 11 ಸಮ. ಕಾರ್ಪ್‌ಗೆ ಮೊಟ್ಟಮೊದಲ ಲೀಗ್ ಪ್ರಶಸ್ತಿ. ಜೈಂಟ್ಸ್ ಆ ವರ್ಷ ಕೊನೆಯ ಸ್ಥಾನಕ್ಕಿಳಿಯಿತು.

ಹಿರೋಷಿಮಾದಲ್ಲಿ ವಿಜಯದ ಮೆರವಣಿಗೆಗೆ ಬೀದಿ ತುಂಬ ಜನ ಸೇರಿದರು. ಆ ಸಲ ಎರಡು ಲೀಗ್‌ಗಳ ವಿಜೇತರು ಸೆಣಸುವ ಜಪಾನ್ ಸರಣಿಯಲ್ಲಿ ಹಾಂಕ್ಯು ಎದುರು ಸೋತರೂ, ಕೋಬಾ ಅವರ ಕೈಕೆಳಗೆ 1979, 1980 ಮತ್ತು 1984ರಲ್ಲಿ ಕಾರ್ಪ್ ಜಪಾನ್ ಚಾಂಪಿಯನ್ ಆಯಿತು. ಕಿನುಗಾಸಾ 1970ರಿಂದ 1987ರವರೆಗೆ ಒಂದೂ ಪಂದ್ಯ ತಪ್ಪಿಸದೆ 2,215 ಪಂದ್ಯ ಆಡಿದರು. ಅಮೆರಿಕದ ಲೂ ಗೆರಿಗ್ ಅವರ 2,130ರ ದಾಖಲೆ ಮುರಿದದ್ದು ಹೀಗೆ. 1979ರಲ್ಲಿ ಚೆಂಡು ಬಡಿದು ಹೆಗಲಿನ ಎಲುಬು ಮುರಿದ ಮರುದಿನವೇ ಅವರು ಬ್ಯಾಟ್ ಹಿಡಿದು ಬಂದು ಮೂರು ಸಲವೂ ಪೂರ್ಣ ಬಲದಿಂದ ಬೀಸಿದ್ದನ್ನು ಹಿರೋಷಿಮಾದ ಜನ ಇಂದಿಗೂ ಹೇಳಿಕೊಳ್ಳುತ್ತಾರೆ.

ಮತ್ತೊಂದು ದೀರ್ಘ ದುರ್ದಿನ

1991ರ ಲೀಗ್ ಪ್ರಶಸ್ತಿಯ ನಂತರ ಮತ್ತೆ 25 ವರ್ಷ ಬರಗಾಲ. 1993ರಲ್ಲಿ ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಬಂದ ಮೇಲೆ, ಹಿರೋಷಿಮಾ ಬೆಳೆಸಿದವರನ್ನು ದೊಡ್ಡ ನಗರಗಳ ತಂಡಗಳು ಸೆಳೆದುಕೊಂಡವು. ತೊಮೊಆಕಿ ಕಾನೆಮೊಟೊ, ತಕಾಹಿರೊ ಅರಾಯಿ ಹಾಂಷಿನ್ ಸೇರಿದರು. ಪಿಚರ್ ಹಿರೋಕಿ ಕುರೋಡಾ ಅಮೆರಿಕಕ್ಕೆ ಹೋದರು. ದುಡ್ಡಿನ ಪೈಪೋಟಿಗೆ ಇಳಿಯದೆ ಕಾರ್ಪ್ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. 1990ರಲ್ಲೇ ಡೊಮಿನಿಕನ್ ಗಣರಾಜ್ಯದಲ್ಲಿ ತೆರೆದ ಅಕಾಡೆಮಿಯಲ್ಲಿ ಹುಡುಗರನ್ನು ಪಳಗಿಸಿತು. ಮುಂದೆ ಅಮೆರಿಕದಲ್ಲಿ ಹೆಸರು ಮಾಡಿದ ಅಲ್ಫೊನ್ಸೊ ಸೊರಿಯಾನೊ ಅಲ್ಲಿಂದ ಬಂದವರು. ಹೊಸ ಕ್ರೀಡಾಂಗಣ ಬೇಕೆಂದಾಗ ಜನ ಮತ್ತೆ ಪೀಪಾಯಿ ಇಟ್ಟು ದೇಣಿಗೆ ಕೂಡಿಸಿದರು. 2009ರಲ್ಲಿ ಸಹಜ ಹುಲ್ಲಿನ ಮಜ್ದಾ ಕ್ರೀಡಾಂಗಣ ತೆರೆಯಿತು. ಅದರ ಪಕ್ಕದಲ್ಲೇ ಬುಲೆಟ್ ರೈಲು ಹಾದುಹೋಗುತ್ತದೆ.

2015ರ ಋತುವಿಗೆ ಮುನ್ನ ಕುರೋಡಾ ನ್ಯೂಯಾರ್ಕ್ ಯಾಂಕೀಸ್ ತೊರೆದು, ಅಮೆರಿಕದ ತಂಡಗಳ ಭಾರಿ ಮೊತ್ತದ ಆಹ್ವಾನ ಬಿಟ್ಟು, ಹಿರೋಷಿಮಾಕ್ಕೆ ಮರಳಿದರು. ಅದೇ ಚಳಿಗಾಲದಲ್ಲಿ ಅರಾಯಿಯೂ ಮರಳಿದರು. 2006ರ ಕೊನೆಯಲ್ಲಿ ಕುರೋಡಾ ತಂಡ ಬಿಡಬಹುದೆಂಬ ಸುದ್ದಿ ಇದ್ದಾಗ ಅಭಿಮಾನಿಗಳು ಪ್ರೇಕ್ಷಕರ ಗ್ಯಾಲರಿಯಲ್ಲಿ ದೊಡ್ಡ ಬ್ಯಾನರ್ ಎತ್ತಿ ತಮ್ಮ ಪ್ರೀತಿಯನ್ನು ಹೇಳಿದ್ದರು. ಆ ಋಣವನ್ನು ಅವರು ಮರೆತಿರಲಿಲ್ಲ. 2016ರ ಸೆಪ್ಟೆಂಬರ್ 10ರಂದು ಟೋಕಿಯೊ ಡೋಮ್‌ನಲ್ಲಿ ಜೈಂಟ್ಸ್ ಸೋತಿತು, ಗೆದ್ದ ಪಿಚರ್ ಕುರೋಡಾ. 25 ವರ್ಷಗಳ ಮೇಲೆ ಬಂದ ಲೀಗ್ ಪ್ರಶಸ್ತಿ 2017, 2018ರಲ್ಲೂ ಉಳಿಯಿತು. 2023ರಲ್ಲಿ ಅರಾಯಿಯೇ ಮ್ಯಾನೇಜರ್ ಆದರು. ಮೊದಲ ವರ್ಷವೇ ತಂಡ ಎರಡನೆಯ ಸ್ಥಾನಕ್ಕೆ ಬಂತು.

ಸೋತ ತಂಡ ಎಂದಕೂಡಲೇ ತಾರೆಗಳನ್ನು ಕೊಂಡು ತಾ, ಕೋಚ್‌ನನ್ನು ಓಡಿಸು ಎಂಬ ಕೂಗು ಎಲ್ಲ ದೇಶದಲ್ಲೂ ಏಳುತ್ತದೆ. ಕಾರ್ಪ್ ಕಲಿಸುವುದು ತಾಳ್ಮೆಯ ಕ್ರಮವನ್ನು. ಬೆಳೆಸಿದವರನ್ನು ನಂಬಬೇಕು, ಅವರ ಶಕ್ತಿ ಅರಳುವ ಜಾಗದಲ್ಲಿ ನಿಲ್ಲಿಸಬೇಕು, ಕೊರತೆಯಿರುವಲ್ಲಿ ಮಾತ್ರ ಹೊರಗಿನವರನ್ನು ತರಬೇಕು, ಹೋದವರು ಮರಳಿ ಬರಲು ಬಾಗಿಲು ತೆರೆದಿರಬೇಕು. ಇಷ್ಟು ಮಾಡಿಯೂ ಸೋಲಬಹುದು. ಕಾರ್ಪ್ ಹಲವು ಬಾರಿ ಸೋತಿದೆ. ಆಗಲೂ ತಂಡವನ್ನು ಕೈಬಿಡದ ಜನ ಬೇಕು. ಹಿರೋಷಿಮಾದಲ್ಲಿ ಅಂಥ ಜನ 1951ರಲ್ಲೂ ಇದ್ದರು, ಈಗಲೂ ಇದ್ದಾರೆ. ಒಂದು ಊರು ತನ್ನ ತಂಡಕ್ಕೆ ಕೊಡಬಹುದಾದ ಅತಿ ದೊಡ್ಡ ಬಂಡವಾಳ ಅದೇ.