ಹೊಲ ಕಾಯುವ ಗೂಗಿ

ಊರು ಮಲಗುವ ಹೊತ್ತು. ಹೊಲದಂಚಿನ ಹುಣಸೆಮರದಿಂದ ‘ಚುಹುವಾ...’ ಎಂದು ನಡುಗುವ ದನಿಯೊಂದು ಕೇಳಿಬರುತ್ತದೆ. ‘ಗೂಗಿ ಕೂಗಿತು, ಯಾರ ಮನೆಗೆ ಕೇಡೋ ಏನೋ’ ಎಂದು ಅಜ್ಜಿ ಬಾಗಿಲು ಮುಚ್ಚಿಸುತ್ತಾಳೆ. ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಆದರೆ ಆ ಹಕ್ಕಿ ಅಲ್ಲಿ ಕುಳಿತು ಮಾಡುವುದಾದರೂ ಏನು?

ಹೀಗೆ ಕೂಗುವುದು ಒಂದು ಜಾತಿಯ ಕಾಡುಗೂಬೆ. ವಿಜ್ಞಾನಿಗಳು ಇದನ್ನು ಸ್ಟ್ರಿಕ್ಸ್ ಒಸೆಲ್ಲಾಟ ಎನ್ನುತ್ತಾರೆ. ‘ಒಸೆಲ್ಲಾಟ’ ಎಂದರೆ ಪುಟ್ಟ ಕಣ್ಣುಗಳಂಥ ಚುಕ್ಕೆಗಳುಳ್ಳದ್ದು. ಸುಮಾರು ಒಂದೂವರೆ ಅಡಿ ಉದ್ದದ ಈ ಹಕ್ಕಿಯ ಮೈಮೇಲೆ ಕಂದು, ಕಪ್ಪು, ಬಿಳಿ ಬಣ್ಣಗಳ ಚಿತ್ತಾರ. ಹಗಲಲ್ಲಿ ಎಲೆಗಳ ಮರೆಯಲ್ಲಿ ಕುಳಿತರೆ ಮರದ ತೊಗಟೆ ಯಾವುದು, ಹಕ್ಕಿ ಯಾವುದು ಎಂದು ತಿಳಿಯುವುದೇ ಕಷ್ಟ.

ಹೆಸರು ಕಾಡುಗೂಬೆಯಾದರೂ ಇದಕ್ಕೆ ದಟ್ಟ ಕಾಡೇ ಬೇಕೆಂದಿಲ್ಲ. ಹೊಲಗಳ ನಡುವಿನ ಹಳೆಯ ಮಾವು, ಹುಣಸೆ, ಆಲದ ಮರಗಳೇ ಸಾಕು. ಶಿಗ್ಗಾಂವಿ, ಹಾನಗಲ್ಲ ಕಡೆಯ ಊರುಗಳಲ್ಲಿ ಇಂಥ ಮರಗಳಿಗೇನೂ ಬರವಿರಲಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಇದು ಮರಿ ಮಾಡುವ ಕಾಲ. ಕಡ್ಡಿ ತಂದು ಗೂಡು ಕಟ್ಟದೆ, ಮರದ ಪೊಟರೆಯಲ್ಲೇ ಎರಡು ಅಥವಾ ಮೂರು ಮೊಟ್ಟೆ ಇಡುತ್ತದೆ.

ಬೇಟೆಗೆ ಬೇಕಾದ ಸಲಕರಣೆಯೆಲ್ಲ ಇದರ ಮೈಯಲ್ಲೇ ಇದೆ. ರೆಕ್ಕೆಯ ಗರಿಗಳ ಅಂಚು ಬಾಚಣಿಗೆಯಂತಿರುವುದರಿಂದ ಹಾರುವಾಗ ಸದ್ದಾಗುವುದಿಲ್ಲ. ತಟ್ಟೆಯಂಥ ಮುಖ ಸಣ್ಣ ಸರಸರ ಸದ್ದನ್ನೂ ಕಿವಿಗೆ ಮುಟ್ಟಿಸುತ್ತದೆ. ಕಣ್ಣುಗುಡ್ಡೆ ಹೊರಳಿಸಲು ಬಾರದು. ಅದಕ್ಕೆ ಬದಲಾಗಿ ಕತ್ತನ್ನು ಸುಮಾರು 270 ಡಿಗ್ರಿ ತಿರುಗಿಸಬಲ್ಲದು. ನಮ್ಮ ಕತ್ತಿನಲ್ಲಿರುವುದು 7 ಮೂಳೆ, ಗೂಬೆಗೆ 14!

ಇಷ್ಟೆಲ್ಲ ಸಿದ್ಧತೆ ಯಾರ ಮೇಲೆ? ಹೆಚ್ಚಾಗಿ ಇಲಿಗಳ ಮೇಲೆ. ಗೋವಿನಜೋಳದ ತೆನೆ, ಶೇಂಗಾ ಕಾಯಿ ತಿಂದು ಹಾಕುವ ಇಲಿಗಳನ್ನು ಗೂಗಿ ರಾತ್ರಿಯೆಲ್ಲ ಕೂಲಿಯಿಲ್ಲದೆ ಹಿಡಿಯುತ್ತದೆ. ಜೀರ್ಣವಾಗದ ಮೂಳೆ, ಕೂದಲುಗಳನ್ನು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಮರದ ಬುಡದಲ್ಲಿ ಬಿದ್ದ ಆ ಉಂಡೆಯೇ ಅದರ ದುಡಿಮೆಯ ಲೆಕ್ಕಪತ್ರ.

ಈ ಕಾವಲುಗಾರನಿಗೆ ನಾವು ಕೊಡುತ್ತಿರುವ ಸಂಬಳವೇನು? ಟೊಳ್ಳು ಬಿದ್ದಿದೆಯೆಂದು ಹಳೆಯ ಮರ ಕಡಿಯುತ್ತೇವೆ. ಹೊಸ ಸಸಿ ನೆಟ್ಟರೂ ಅದರಲ್ಲಿ ಪೊಟರೆಯಾಗಲು ಹಲವು ದಶಕಗಳೇ ಬೇಕು. ಇಲಿಪಾಷಾಣ ತಿಂದ ಇಲಿಯನ್ನು ನುಂಗಿದ ಗೂಬೆಗೂ ವಿಷವೇರುತ್ತದೆ. ಇನ್ನು ಮಾಟ-ಮಂತ್ರದ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವ ದಂಧೆ ಬೇರೆ. ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಹೊರತಂದ ವರದಿ ದೇಶದಲ್ಲಿ ನಡೆಯುವ ಈ ಕಳ್ಳವ್ಯಾಪಾರವನ್ನು ಬಯಲಿಗೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆಯನ್ನು ಕೊಲ್ಲುವುದೂ ಮಾರುವುದೂ ಅಪರಾಧ.

ಇದೇ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಗಳಿಗೆ ಆಶ್ರಯ ಸಿಕ್ಕಿದೆ. ಚೆಲುವಿನ ಹಕ್ಕಿಯನ್ನು ಕಾಯುವ ನಮಗೆ, ದುಡಿಯುವ ಹಕ್ಕಿಗೊಂದು ಹಳೆಯ ಮರ ಉಳಿಸಿಕೊಡುವುದು ಭಾರವೇ? ಮುಂದಿನ ಸಲ ಆ ನಡುಗುವ ದನಿ ಕೇಳಿದಾಗ ಬಾಗಿಲು ಮುಚ್ಚದೆ, ಮಕ್ಕಳ ಕೈಹಿಡಿದು ಅಂಗಳಕ್ಕೆ ಬನ್ನಿ. ಅಜ್ಜಿಯನ್ನೂ ಕರೆಯಿರಿ.