ಚಂಡಮಾರುತ ದಡ ಸೇರುವ ಮೊದಲೇ ಕರಾವಳಿಗೆ ಹಾನಿ

2021ರ ಮೇ 17ರ ರಾತ್ರಿ 'ತೌಕ್ತೆ' ಚಂಡಮಾರುತವು ಸೌರಾಷ್ಟ್ರ ತೀರದಲ್ಲಿ, ದೀವ್‌ನ ಪೂರ್ವಕ್ಕೆ ಊನಾ ಸಮೀಪ ದಡ ಸೇರಿತು. ಆಗ ಗಾಳಿಯ ವೇಗ ಗಂಟೆಗೆ 160ರಿಂದ 170 ಕಿ.ಮೀ. ಇತ್ತು. ಆದರೆ ಮಂಗಳೂರಿನ ದಕ್ಷಿಣದ ಸೋಮೇಶ್ವರ, ಉಚ್ಚಿಲ ತೀರಗಳಲ್ಲಿ ಕಡಲು ದಡವನ್ನು ಕೊರೆದು ಮನೆಗಳಿಗೆ ನುಗ್ಗಿದ್ದು ಅದಕ್ಕಿಂತ ಎರಡು ದಿನ ಮೊದಲು. ಮೂಲ್ಕಿ ಸಮೀಪ ಬಂಡೆಗೆ ಸಿಲುಕಿದ್ದ 'ಕೋರಮಂಡಲ್ ಸಪೋರ್ಟರ್' ಟಗ್ಗಿನ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ತಟರಕ್ಷಣಾ ಪಡೆಯವರು ಪಾರುಮಾಡಿದ್ದು 17ರ ಹಗಲಿನಲ್ಲಿ. ಅಂದರೆ ಚಂಡಮಾರುತ 'ಬರುವ' ಹೊತ್ತಿಗೆ ನಮ್ಮಲ್ಲಿ ನಷ್ಟದ ಲೆಕ್ಕ ನಡೆದಿತ್ತು.

'ಗುಜರಾತಿಗೆ ಹೋಗುತ್ತದಂತೆ' ಎಂದು ವಾರ್ತೆ ಕೇಳಿ ಸುಮ್ಮನಾಗುವ ರೂಢಿ ನಮ್ಮ ಕೃಷಿಕರಲ್ಲಿದೆ. ಇದು ಸರಿಯಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಎದ್ದ 'ಕ್ಯಾರ್' ಭಾರತದ ದಡವನ್ನು ಮುಟ್ಟಲೇ ಇಲ್ಲ, ಸಮುದ್ರದಲ್ಲಿಯೇ ಅಡಗಿತು. ಆದರೂ ಏಣೆಲು ಭತ್ತದ ಕೊಯ್ಲಿನ ಕಾಲದಲ್ಲಿ ಕರಾವಳಿಗೆ ಮಳೆ ಸುರಿಸಿತು, ಅಲೆ ಎಬ್ಬಿಸಿತು.

ಇದಕ್ಕೆ ಕಾರಣ ಸರಳ. ಭೂಮಧ್ಯರೇಖೆಯ ಉತ್ತರಕ್ಕೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ತೀರಕ್ಕೆ ಸಮಾಂತರವಾಗಿ ಉತ್ತರಕ್ಕೆ ಸಾಗಿದರೆ ಅದರ ಬಲಮಗ್ಗುಲು ನಮ್ಮ ಕಡೆಗಿರುತ್ತದೆ. ಸುತ್ತುವ ವೇಗಕ್ಕೆ ಸಾಗುವ ವೇಗವೂ ಸೇರುವುದರಿಂದ ಈ ಮಗ್ಗುಲಿನಲ್ಲಿಯೇ ಗಾಳಿ ಹೆಚ್ಚು. ಅದು ದಕ್ಷಿಣ, ನೈಋತ್ಯದಿಂದ ಬೀಸಿ ಅಲೆಗಳನ್ನು ದಡಕ್ಕೆ ದೂಡುತ್ತದೆ. ತೇವದ ಮೋಡಗಳನ್ನು ಘಟ್ಟಕ್ಕೆ ಒತ್ತುತ್ತದೆ. ಘಟ್ಟವನ್ನು ಏರುವ ಮೋಡ ತಂಪಾಗಿ ಸುರಿಯುತ್ತದೆ. ತೌಕ್ತೆಯ ಕಾಲದಲ್ಲಿ ಬೈಂದೂರು ತಾಲೂಕಿನ ನಾಡದಲ್ಲಿ ಒಂದೇ ದಿನ 385 ಮಿ.ಮೀ. ಮಳೆ ದಾಖಲಾಯಿತು.

ಆದುದರಿಂದ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ನಾವು ನೋಡಬೇಕಾದುದು ದಡ ಸೇರುವ ಊರನ್ನಲ್ಲ, ಕೇಂದ್ರವು ನಮ್ಮಿಂದ ಎಷ್ಟು ದೂರದಲ್ಲಿದೆ ಎಂಬುದನ್ನು. ಚಂಡಮಾರುತವಾದ ಮೇಲೆ ಮೂರು ಗಂಟೆಗೊಮ್ಮೆ ಪ್ರಕಟಣೆ ಬರುತ್ತದೆ. ಅದರಲ್ಲಿ ಅಕ್ಷಾಂಶ, ರೇಖಾಂಶ ಕೊಟ್ಟಿರುತ್ತಾರೆ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ, 74.8 ಡಿಗ್ರಿ ಪೂರ್ವದಲ್ಲಿ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ., ನಮ್ಮ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಎಂದು ಹಿಡಿಯಬಹುದು. ಮೇ 16ರ ಬೆಳಿಗ್ಗೆ 5.30ಕ್ಕೆ ತೌಕ್ತೆಯ ಕೇಂದ್ರ 15.0 ಉತ್ತರ, 72.7 ಪೂರ್ವದಲ್ಲಿತ್ತು. ಅಂದರೆ ನಮಗಿಂತ 2.1 ಡಿಗ್ರಿ ಉತ್ತರಕ್ಕೆ, 2.1 ಡಿಗ್ರಿ ಪಶ್ಚಿಮಕ್ಕೆ. ನಕ್ಷೆಯಲ್ಲಿ ಅಳೆದರೆ ನೇರ ದೂರ ಸುಮಾರು 325 ಕಿ.ಮೀ. ಆಗುತ್ತದೆ. ಅಷ್ಟು ದೂರದಿಂದಲೂ ಅದು ನಮ್ಮ ದಡವನ್ನು ಕೊರೆಯುತ್ತಿತ್ತು. ಶಾಲೆಗೆ ಹೋಗುವ ಮಕ್ಕಳ ಭೂಪಟ ಈ ಕೆಲಸಕ್ಕೆ ಧಾರಾಳ ಸಾಕು.

ಕರೆಂಟು, ಫೋನು ಕೈಕೊಟ್ಟಾಗ ಗಾಳಿಯೇ ಸೂಚಕ. ಗಾಳಿಗೆ ಮುಖಮಾಡಿ ನಿಂತರೆ ಚಂಡಮಾರುತದ ಕೇಂದ್ರವು ನಿಮ್ಮ ಬಲಗೈ ಕಡೆ, ತುಸು ಹಿಂದಕ್ಕೆ ಇರುತ್ತದೆ. ಆಗ್ನೇಯದ ಗಾಳಿ ದಕ್ಷಿಣಕ್ಕೂ ಅನಂತರ ನೈಋತ್ಯಕ್ಕೂ ತಿರುಗಿದರೆ ಕೇಂದ್ರವು ನಮ್ಮನ್ನು ದಾಟಿ ಉತ್ತರಕ್ಕೆ ಹೋಗುತ್ತಿದೆ ಎಂದು ತಿಳಿಯಬೇಕು. ಗುಡ್ಡ, ತೋಟಗಳ ನಡುವೆ ಗಾಳಿಯ ದಿಕ್ಕು ಕೆಡುವುದರಿಂದ ಕೆಳಮೋಡ ಓಡುವ ದಿಕ್ಕನ್ನು ನೋಡುವುದು ಮೇಲು. ಗಾಳಿ ಇಳಿದರೂ ಅಲೆ ಕೂಡಲೇ ಇಳಿಯದು. ದೋಣಿ ಇಳಿಸಲು ಅವಸರಪಡಬಾರದು.

ಸಮುದ್ರದಲ್ಲಿ ವಾಯುಭಾರ ಕುಸಿತ ಎಂಬ ಮೊದಲ ಸುದ್ದಿ ಬಂದೊಡನೆ ತೋಟದ ಕೆಲಸ ಹಿಡಿಯಬೇಕು. ತೌಕ್ತೆಯಲ್ಲಿ ಮೇ 14ರಂದು ವಾಯುಭಾರ ಕುಸಿತವಾಗಿ, 15ರ ಬೆಳಗಾಗುವುದರೊಳಗೆ ಚಂಡಮಾರುತವಾಗಿತ್ತು. ಸಿಕ್ಕಿದ್ದು ಒಂದು ದಿನ ಮಾತ್ರ. ಅಂಗಳದ ಅಡಿಕೆಯನ್ನು ಅರೆ ಒಣಗಿದ್ದರೂ ಒಳಗೆ ಸಾಗಿಸಿ, ರಾಶಿ ಹಾಕದೆ ತೆಳುವಾಗಿ ಹರಡಬೇಕು. ಬೂಷ್ಟು ಹಿಡಿದರೆ ಬೆಲೆ ಇಳಿಯುತ್ತದೆ. ಬಲಿತ ಬಾಳೆಗೊನೆ ಕಡಿಯಬೇಕು. ಎಳೆಗೊನೆಯ ಗಿಡಕ್ಕೆ ಕಡಲಿನ ಕಡೆಯ ಗಾಳಿಯನ್ನು ತಡೆಯುವಂತೆ ಊರೆಗೋಲು ಕೊಟ್ಟು, ಒಣಗಿದ ಹಾಗೂ ಕೆಳಗಿನ ಎಲೆ ತೆಗೆದರೆ ಗಾಳಿಯ ಹಿಡಿತ ಕಡಿಮೆಯಾಗುತ್ತದೆ. ಅಡಿಕೆ ತೋಟದ ಕಣಿಗಳಲ್ಲಿ ತುಂಬಿರುವ ಸೋಗೆ, ಮಣ್ಣನ್ನು ತೆಗೆಯದಿದ್ದರೆ ನೀರು ನಿಂತು ಬುಡ ಸಡಿಲಾಗಿ, ಮರ ಗಾಳಿಗೆ ಬೀಳುತ್ತದೆ.

ಗಾಳಿ ಇಳಿದ ಮೇಲೆ ಮೊದಲು ತುಂಡಾದ ವಿದ್ಯುತ್ ತಂತಿ ನೋಡಿಕೊಂಡು ತೋಟಕ್ಕೆ ಇಳಿಯಬೇಕು. ಬಿದ್ದ ಮರ ಕಡಿದು ಸಾಗಿಸುವ ಮುಂಚೆ ಫೋಟೋ ತೆಗೆದು, ಮರಗಳ ಎಣಿಕೆ ಬರೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸತಕ್ಕದ್ದು. ಶೇಕಡಾ 33 ಅಥವಾ ಹೆಚ್ಚು ಬೆಳೆ ನಷ್ಟವಾಗಿದ್ದರೆ ಮಾತ್ರ ವಿಪತ್ತು ಪರಿಹಾರ ದೊರೆಯುವುದರಿಂದ ಎಣಿಕೆ ಮುಖ್ಯ. ತಲೆ ಮುರಿದ ಅಡಿಕೆ ಮರ ಚಿಗುರದು. ವಾಲಿದ ಎಳೆ ತೆಂಗನ್ನು ಮಾತ್ರ ನೆಟ್ಟಗೆ ನಿಲ್ಲಿಸಿ ಮಣ್ಣು ಏರಿಸಬಹುದು. ಕಡಲ ನೀರು ಸಿಡಿದ ಮಲ್ಲಿಗೆ ಗಿಡಗಳನ್ನು ಸಿಹಿನೀರಿನಿಂದ ತೊಳೆಯಬೇಕು. ಹೊಳೆಬದಿಯ ಬಾವಿಯ ನೀರನ್ನು ಉಪ್ಪು ಪರೀಕ್ಷಿಸದೆ ಹಾಯಿಸಬಾರದು.

ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ್ದನ್ನು, ಚಂಡಮಾರುತದ ಸೂಚನೆಯಿರುವಾಗ ಸಿಂಪಡಿಸುವುದು ದುಡ್ಡು ನೀರಿಗೆ ಹಾಕಿದಂತೆ. ಗೊನೆಯ ಮೇಲೆ ಅದು ಒಣಗಿದರಷ್ಟೇ ಅಂಟುತ್ತದೆ. 2021ರಲ್ಲಿ ಮುಂಗಾರು ಕೇರಳ ತಲುಪಿದ್ದು ಜೂನ್ 3ರಂದು. ತೌಕ್ತೆ ದಡ ಸೇರಿದ ಮೇಲೆ ಎರಡು ವಾರಕ್ಕೂ ಹೆಚ್ಚು ಅವಧಿ ಉಳಿದಿತ್ತು.