ಮೇಣದ ಜಾಕೆಟ್ಟು, ಸೋಪಿನ ಪೆಟ್ಟು

ಬ್ರಿಟನ್ನಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕಂದುಹಸಿರು ಬಣ್ಣದ, ಮುಟ್ಟಿದರೆ ತುಸು ಜಿಡ್ಡೆನಿಸುವ ಜಾಕೆಟ್ಟುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಕಾಲರಿಗೆ ಕಾರ್ಡುರಾಯ್, ಒಳಗೆ ಚೌಕಳಿ ಅಸ್ತರು. ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತಂದವರು ಮೊದಲು ಮೂಸಿ ನೋಡುತ್ತಾರೆ: ಹಳೇ ಗ್ಯಾರೇಜಿನ ವಾಸನೆ. ಒಂದು ಸಲ ಒಗೆದರೆ ಸರಿಹೋಗುತ್ತದೆ ಎಂದು ವಾಷಿಂಗ್ ಮೆಷಿನ್ನಿಗೆ ಹಾಕುತ್ತಾರೆ. ಹೊರಬರುವುದು ಕಳೆಗುಂದಿದ, ಕಲೆಕಲೆಯಾದ, ಮೈಯಲ್ಲಿ ಬಿಗಿಯಿಲ್ಲದ ಬಟ್ಟೆ. ಡ್ರಮ್ಮಿಗೆ ಅಂಟಿಕೊಂಡ ಮೇಣ ಮುಂದಿನ ಸಲದ ಅಂಗಿಗಳಿಗೂ ಹತ್ತುತ್ತದೆ.

ಕೊಳೆಯಾದ ಬಟ್ಟೆಯನ್ನು ಒಗೆಯಲೇಬೇಕು ಎಂಬ ನಂಬಿಕೆ ಬಹುತೇಕ ಬಟ್ಟೆಗಳಿಗೆ ಸರಿ, ಇದಕ್ಕಲ್ಲ. ಈ ಹತ್ತಿಬಟ್ಟೆ ನೀರನ್ನು ತಡೆಯುವುದು ನೂಲಿನ ಎಳೆಗಳ ನಡುವೆ ತುಂಬಿಕೊಂಡ ಮೇಣದಿಂದ. ಸೋಪಿನ ಕೆಲಸವೇ ಜಿಡ್ಡನ್ನು ಹಿಡಿದು ನೀರಿಗೆ ಒಪ್ಪಿಸುವುದು. ಅದಕ್ಕೆ ಕೊಳೆಯ ಜಿಡ್ಡು ಯಾವುದು, ಕಾವಲಿನ ಮೇಣ ಯಾವುದು ಎಂಬ ಭೇದ ಗೊತ್ತಿಲ್ಲ. ಬಿಸಿನೀರು ಸೇರಿದರೆ ಮೇಣ ಮೆತ್ತಗಾಗಿ ಇನ್ನೂ ಬೇಗ ಬಿಟ್ಟುಕೊಡುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಎಳೆಗಳಲ್ಲಿ ಉಳಿದುಬಿಟ್ಟ ಡಿಟರ್ಜೆಂಟು ನೀರನ್ನು ಒಳಕ್ಕೆ ಕರೆಯುವ ಗುಣದ್ದು. ಮೇಲೆ ಮತ್ತೆ ಮೇಣ ಹಚ್ಚಿದರೂ ಅದು ಮೊದಲಿನಂತೆ ಹಿಡಿಯದೆ ಹೋಗಬಹುದು. ಡ್ರೈಕ್ಲೀನಿಂಗ್ ಕೂಡ ಬೇಡ, ಅಲ್ಲಿನ ದ್ರಾವಕವೂ ಮೇಣವನ್ನು ಕರಗಿಸುತ್ತದೆ. ಒಣಗಿದ ಕೆಸರನ್ನು ಬ್ರಷ್ಷಿನಿಂದ ಉದುರಿಸಿ, ತಣ್ಣೀರಲ್ಲಿ ಅದ್ದಿದ ಸ್ಪಂಜಿನಿಂದ ಒರೆಸುವುದು, ಅಷ್ಟೇ ಇದರ ಸ್ನಾನ.

ಇಂಥ ಬಟ್ಟೆ ಹುಟ್ಟಿದ್ದು ಸಮುದ್ರದ ಮೇಲೆ. ಸ್ಕಾಟ್ಲೆಂಡಿನ ಆರ್ಬ್ರೋತ್‌ನಂಥ ಬಂದರುಗಳ ಹಾಯಿ ತಯಾರಕರು ಹಾಯಿಗೆ ಎಣ್ಣೆ ಕುಡಿಸುತ್ತಿದ್ದರು. ಹಳೆಯ ಹಾಯಿಯನ್ನೇ ಕತ್ತರಿಸಿ ನಾವಿಕರು ಮಳೆಯಂಗಿ ಮಾಡಿಕೊಳ್ಳುತ್ತಿದ್ದರು. ಆ ಎಣ್ಣೆ ಅಗಸೆ ಎಣ್ಣೆ. ಅದು ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ, ಚಳಿಯಲ್ಲಿ ಸೆಟೆದು ಬಿರುಕು ಬಿಡುತ್ತದೆ. 1930ರ ದಶಕದಲ್ಲಿ ಅದರ ಜಾಗಕ್ಕೆ ಪ್ಯಾರಾಫಿನ್ ಮೇಣ ಬಂತು.

ಇಷ್ಟು ಹಿಂದಿನ ಕಥೆ ಹೇಳಬೇಕಾಗಿ ಬಂದದ್ದು ಇನ್ನೊಂದು ನಂಬಿಕೆಯಿಂದ: ‘ಹಿಂದಿನವರು ಹಚ್ಚುತ್ತಿದ್ದ ಅಗಸೆ ಎಣ್ಣೆಯೇ ನೈಸರ್ಗಿಕ, ಅದೇ ಒಳ್ಳೆಯದು.’ ಈ ಸಲಹೆ ಅಪಾಯದ್ದು. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವುದು. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಹೀರಿದ ಚಿಂದಿಯನ್ನು ಮುದುರಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಲ್ಲದು.

ಹಾಗಾದರೆ ಮನೆಯಲ್ಲಿರುವ ಮೇಣದಬತ್ತಿ? ಅದೂ ಪ್ಯಾರಾಫಿನ್ನೇ ತಾನೆ? ಹೌದು, ಆದರೆ ಬತ್ತಿಯ ಮೇಣ ನೆಟ್ಟಗೆ ನಿಲ್ಲಲೆಂದು ಮಾಡಿದ್ದು, ಬಾಗಲಿಕ್ಕಲ್ಲ. ಅದನ್ನು ಹಚ್ಚಿದ ತೋಳನ್ನು ನಾಲ್ಕು ಸಲ ಮಡಿಸಿದರೆ ಮೊಣಕೈಯಲ್ಲಿ ಬಿಳಿ ಗೆರೆ ಮೂಡಿ, ಪುಡಿ ಉದುರುತ್ತದೆ. ಜಾಕೆಟ್ಟಿನ ಮೇಣಕ್ಕೆ ಎಣ್ಣೆಯ ಅಂಶ ಬೆರೆಸಿ ಮೆದು ಮಾಡಿರುತ್ತಾರೆ. ಬರೀ ಜೇನುಮೇಣವೂ ಬಟ್ಟೆಯನ್ನು ಬಿರುಸಾಗಿಸುತ್ತದೆ. ಆಯಾ ಬಟ್ಟೆಗೆಂದೇ ಮಾರುವ ಮೇಣ ಕೊಳ್ಳುವುದು ಇಲ್ಲಿ ವ್ಯರ್ಥ ಖರ್ಚಲ್ಲ.

ಸೌತ್ ಶೀಲ್ಡ್ಸ್‌ನಲ್ಲಿ 1894ರಲ್ಲಿ ಶುರುವಾದ ಬಾರ್ಬರ್ ಕಂಪನಿ 1936ರಲ್ಲಿ ಮೋಟಾರ್ ಸೈಕಲ್ ಸವಾರರಿಗೆಂದು ಮೇಣಬಟ್ಟೆಯ ಉಡುಪು ತಂದಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಉಡುಪು ‘ಅರ್ಸುಲಾ’ ಜಲಾಂತರ್ಗಾಮಿಯ ಕ್ಯಾಪ್ಟನ್ ಜಾರ್ಜ್ ಫಿಲಿಪ್ಸ್ ಕಣ್ಣಿಗೆ ಬಿದ್ದು, ನೌಕಾಪಡೆಯ ‘ಅರ್ಸುಲಾ ಸೂಟ್’ ಆಯಿತು. ಕಡಲ ಅಲೆಗೆ ಮೈಯೊಡ್ಡಿದವರು ತೊಟ್ಟ ಬಟ್ಟೆ ಎಂದಮೇಲೆ ಒಂದು ಹನಿಯೂ ಒಳಬರಲಾರದು ಎಂಬ ನಂಬಿಕೆ ಬೆಳೆಯುವುದು ಸಹಜ. ನಿಜಸ್ಥಿತಿ ಅಷ್ಟು ಖಚಿತವಲ್ಲ. ಮೇಣದ ಮೇಲೆ ಬಿದ್ದ ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ಜಾರುತ್ತದೆ, ಸರಿ. ಆದರೆ ಬೆನ್ನುಚೀಲದ ಪಟ್ಟಿ ಭುಜವನ್ನು ಅದುಮಿದಲ್ಲಿ, ಒದ್ದೆ ಸೀಟಿನ ಮೇಲೆ ಕೂತಲ್ಲಿ ನೀರಿಗೆ ಒತ್ತಡ ಸಿಗುತ್ತದೆ, ಒಳಗೆ ನುಸುಳುತ್ತದೆ. ಹೊಲಿಗೆಯ ಪ್ರತಿ ಸೂಜಿತೂತೂ ಒಂದು ಬಾಗಿಲು. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಇದು ಹೊಸ ಸಂಗತಿಯಲ್ಲ. ದಿನವಿಡೀ ಹೊಡೆಯುವ ಮಳೆಗೆ ಕಂಬಳಿಯೂ ನೀರು ಕುಡಿಯುತ್ತದೆ, ಆದರೂ ಮೈ ಬೆಚ್ಚಗಿರುತ್ತದೆ.

ಹೀಗಾಗಿ ಮನೆಯಲ್ಲಿ ಮೇಣ ಹಚ್ಚುವಾಗ ಕಣ್ಣಿಡಬೇಕಾದದ್ದು ಅಗಲವಾದ ಬೆನ್ನಿನ ಮೇಲಲ್ಲ, ಹೊಲಿಗೆಯ ಮೇಲೆ. ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದರೆ ಗಟ್ಟಿ ಮುದ್ದೆ ಅಂಚಿನಿಂದ ಕರಗುತ್ತ ಬಂದು, ಕೊನೆಗೆ ನಡುವಿನಲ್ಲಿ ಒಂದು ಬಿಲ್ಲೆ ತೇಲಿ, ಅದೂ ಮಾಯವಾಗಿ ತಿಳಿ ಎಣ್ಣೆಯಂತಾಗುತ್ತದೆ. ನೇರ ಉರಿಯ ಮೇಲೆ ಇಡಲೇಬಾರದು. ಕಾದ ಮೇಣ ಹೊತ್ತಿಕೊಳ್ಳುತ್ತದೆ. ಹಳೆಯ ಹತ್ತಿಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ, ಭುಜದ ಹೊಲಿಗೆ, ತೋಳು ಕೂಡುವ ಜಾಗ, ಮೊಣಕೈ ಮಡಿಕೆ, ಜೇಬಿನ ಅಂಚುಗಳಿಗೆ ಒತ್ತಿ ತಿಕ್ಕಬೇಕು. ಕಾಲರಿಗೂ ಜೇಬಿನ ಒಳಕ್ಕೂ ತಾಗಿಸಬಾರದು. ಮೇಣ ಆರಿದ ಜಾಗಗಳು ಮಾಸಲಾಗಿ, ಒಣಗಿದ ನೆಲದಂತೆ ಕಾಣುತ್ತವೆ. ಮೇಣ ತಾಗಿದೊಡನೆ ಮಳೆ ಬಿದ್ದ ಮಣ್ಣಿನಂತೆ ಕಪ್ಪಾಗುತ್ತವೆ. ಬಟ್ಟೆ ಸವೆದುಹೋಯಿತು ಎಂದು ಎಷ್ಟೋ ಜನ ಎಸೆದುಬಿಡುವುದು ಈ ಮಾಸಲು ಬಣ್ಣ ನೋಡಿಯೇ, ಅದು ನಿಜಕ್ಕೂ ಬೇಸರದ ಸಂಗತಿ.

ಎರಡು ಕೋಟು ಹಚ್ಚಿದರೆ ಎರಡು ಪಟ್ಟು ರಕ್ಷಣೆ ಎನ್ನುವುದೂ ಸುಳ್ಳು. ಬಟ್ಟೆ ಕುಡಿಯುವಷ್ಟು ಮಾತ್ರ ಕುಡಿಯುತ್ತದೆ. ಮಿಕ್ಕಿದ್ದು ಮೇಲೆ ಕೂತು ಧೂಳು ಹಿಡಿಯುತ್ತದೆ, ಕಾರಿನ ಸೀಟಿಗೆ ಮೆತ್ತುತ್ತದೆ. ಹೇರ್ ಡ್ರೈಯರ್ ಹಿಡಿದರೆ ಮೇಲೆ ಕೂತ ಮೇಣದ ಬಿಳಿ ಗೆರೆಗಳು ಕರಗಿ ಒಳಗಿಳಿಯುತ್ತವೆ. ಆಮೇಲೂ ಉಳಿದದ್ದನ್ನು ಒಣಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ. ಗೋರ್-ಟೆಕ್ಸ್‌ನಂಥ ಪೊರೆಯಿರುವ ಜಾಕೆಟ್ಟಿಗಂತೂ ಈ ಮೇಣ ಹಚ್ಚಲೇಬಾರದು, ಬೆವರಿನ ಆವಿ ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಮೇಣವಿದೆ, ಬೂಷ್ಟು ಹಿಡಿಯದು ಎಂದು ಒದ್ದೆ ಜಾಕೆಟ್ಟನ್ನು ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವವರಿದ್ದಾರೆ. ಒಳಗಿರುವುದು ಹತ್ತಿಯೇ, ಬೂಷ್ಟಿಗೆ ಅದು ಊಟ. ಮಳೆಯಲ್ಲಿ ನೆಂದದ್ದನ್ನು ಹೀಟರಿನಿಂದ ದೂರ, ಗಾಳಿಯಾಡುವ ಕಡೆ ಅಗಲ ಹ್ಯಾಂಗರಿಗೆ ತೂಗುಹಾಕಿ ಒಣಗಿಸಬೇಕು. ಹೊಸದಾಗಿ ಮೇಣ ಹಚ್ಚಿದ್ದನ್ನೂ ಹಾಗೆಯೇ ಒಂದು ರಾತ್ರಿ ಬಿಡಬೇಕು, ಗೋಡೆಗೂ ಬೇರೆ ಬಟ್ಟೆಗೂ ತಾಗದಂತೆ. ಬೆಳಗ್ಗೆ ಮೊಣಕೈ ಮೇಲೆ ನಾಲ್ಕು ಹನಿ ಚಿಮುಕಿಸಿ ನೋಡಬಹುದು. ಹನಿ ಗುಂಡಾಗಿ ಜಾರಿದರೆ ಆಯಿತು. ಚಪ್ಪಟೆಯಾಗಿ ಹರಡಿ ಕಪ್ಪು ಕಲೆಯಾದರೆ ಅಷ್ಟು ಜಾಗಕ್ಕೆ ಮಾತ್ರ ಮತ್ತೊಮ್ಮೆ ಬಿಸಿ ಮೇಣ.